ಹವಾಲ್ದಾರರ ಪರವಾಗಿ ನಾನು ವಾದಿಸಿದ್ದು

ಮೊನ್ನೆ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಹವಾಲ್ದಾರ್ ಚನ್ನವೀರಪ್ಪನವರ ಅಂಗಡಿ ನೆನಪಾಯಿತು. ಜೋಳ, ಹಿಂಡಿ, ಹತ್ತಿಕಾಳು ಮಾರುವ ಅಂಗಡಿಯಲ್ಲಿ ಆ ವಾಸನೆ ಇರಬಾರದು ನಿಜ. ಆದರೆ ಮಾಲೀಕರು ದಿನಾ ಬೆಳಿಗ್ಗೆ ಬೆರಳಿನ ಗಂಟುಗಳಿಗೆ ಆ ಎಣ್ಣೆ ಹಚ್ಚಿಕೊಂಡೇ ತಕ್ಕಡಿ ಮುಟ್ಟುತ್ತಿದ್ದರು. ನಮ್ಮ ಶಿರಸಿಯ ಎಮ್ಮೆಗಳು ಎಷ್ಟೋ ಕಾಲ ನೀಲಗಿರಿ ವಾಸನೆಯ ಹಿಂಡಿ ತಿಂದವು.

ಅವರದು ಬನವಾಸಿ ಕಡೆಯ ವ್ಯಾಪಾರಸ್ಥರ ಮನೆತನ. ಸೈನ್ಯ ಸೇರಿ, ಬಾಕ್ಸಿಂಗ್‌ನಲ್ಲಿ ತಮ್ಮ ಪಲ್ಟನ್ನಿಗೇ ಚಾಂಪಿಯನ್ ಆಗಿ, ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿಗೆ ಶಿರಸಿಗೆ ಬಂದು ನೆಲೆಸಿದ್ದರು. ನಾನು ಆಗ ಅಡಿಕೆ ವಖಾರಿಯಲ್ಲಿ ಗುಮಾಸ್ತ. ಜೀವನದಲ್ಲಿ ಯಾರಿಗೂ ಹೊಡೆದವನಲ್ಲ. ಅದಕ್ಕೇ ಇರಬೇಕು, ಬಾಕ್ಸಿಂಗ್ ಬಗ್ಗೆ ನನ್ನಷ್ಟು ಅಧಿಕಾರದಿಂದ ಮಾತಾಡುವವರು ಊರಲ್ಲಿ ಇರಲಿಲ್ಲ, ಚನ್ನವೀರಪ್ಪನವರನ್ನೂ ಸೇರಿಸಿ. ಪುಣೆಯಲ್ಲಿ ಅವರು ಒಬ್ಬ ಪಂಜಾಬಿಯನ್ನು ಕೆಡವಿದ ಕತೆಯನ್ನು ನಾನು ಕೈಯಾಡಿಸಿ ಹೇಳುವಾಗ ಅವರು ಜೋಳ ಅಳೆಯುತ್ತ ಸುಮ್ಮನಿರುತ್ತಿದ್ದರು. ಅದನ್ನು ನಾನು ವಿನಯ ಎಂದು ತಿಳಿದಿದ್ದೆ. ಅದರ ಮುಂದಿನ ಪಂದ್ಯದಲ್ಲಿ ಅವರು ಸೋತಿದ್ದರು. ಅದನ್ನು ನಾನು ಹೇಳುತ್ತಲೇ ಇರಲಿಲ್ಲ.

ಅಂಗಡಿ ನಡೆಯಲಿಲ್ಲ. ಮತ್ತಿಘಟ್ಟದ ಕಡೆ ಹೊಸದಾಗಿ ಆದ ಹೈಸ್ಕೂಲಿಗೆ ಡ್ರಿಲ್ ಮಾಸ್ತರು ಬೇಕಾಗಿದ್ದರು. ಆ ಕೆಲಸ ಸಿಕ್ಕದಿದ್ದರೆ ಚನ್ನವೀರಪ್ಪನವರು ಹೆಂಡತಿ ಮಕ್ಕಳನ್ನು ಬಿಟ್ಟು ಹುಬ್ಬಳ್ಳಿಯ ಯಾವುದೋ ಗಿರಣಿಯ ಗೇಟು ಕಾಯಲು ಹೋಗಬೇಕಿತ್ತು. ಶಿಫಾರಸಿಗೆ ಹೋದ ನನ್ನ ಮುಂದೆ ಶಾಲಾ ಕಮಿಟಿಯ ಅಧ್ಯಕ್ಷ ಹೆಗಡೆಯವರು ಒಂದೇ ಅನುಮಾನ ಎತ್ತಿದರು.

"ಗುದ್ದೂದು ಒಂದು ವಿದ್ಯೆಯನಾ ತಮಾ? ಎಂಗಳ ಮನೆ ಎತ್ತಿಗೂ ಬತ್ತು ಅದು."

ಆಗ ನನ್ನ ತಲೆಗೆ ಹೊಳೆದದ್ದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಪುರಾಣದ ಇಬ್ಬರು ವೀರರ ಪರವಾಗಿ ಇಬ್ಬರು ಎದುರುಬದುರು ಕೂತು ಮಾತಿನಲ್ಲೇ ಯುದ್ಧ ಮಾಡುವ ಆಟ. ನಮ್ಮ ಕಡೆ ಮಾತಿಲ್ಲದ ಯುದ್ಧವನ್ನು ಯಾರೂ ಯುದ್ಧ ಎನ್ನುವುದಿಲ್ಲ. ಪುಣೆಯ ಪಂದ್ಯವನ್ನೇ ಪ್ರಸಂಗ ಮಾಡಿ ಕಮಿಟಿಯ ಮುಂದೆ ಆಡುವುದು ಎಂದಾಯಿತು. ಚನ್ನವೀರಪ್ಪನವರ ಪರವಾಗಿ ನಾನು. ಪಂಜಾಬಿಯ ಪರವಾಗಿ ಉಮ್ಮಚಗಿಯ ಸುಬ್ರಾಯ ಭಟ್ಟರು. ಅವರ ಮಾತಿಗೆ ಮೂರು ತಾಲೂಕು ತಲೆದೂಗುತ್ತಿತ್ತು.

"ಭಟ್ರೇ, ಇವತ್ತೊಂದಿನ ಸೋತುಕೊಡವು" ಎಂದು ಮೊದಲೇ ಬೇಡಿಕೊಂಡೆ.

"ಸೋಲ್ತೆ ಮಾರಾಯ. ಸೋಲೂದೇ ಎನ್ನ ಪಾತ್ರ. ಆದ್ರೆ ಮಾತು ಮುಗಿಸಿಕ್ಕಿ ಸೋಲ್ತೆ."

ಆ ಮಾತಿಗೆ ನಾನು ಹೆದರಬೇಕಿತ್ತು. ಸಾಯುವ ಪಾತ್ರದವನು ಎಲ್ಲಕ್ಕಿಂತ ಚೆನ್ನಾಗಿ ಮಾತಾಡಿ ಸಾಯಬೇಕು ಎಂಬುದು ನಮ್ಮಲ್ಲಿಯ ಪದ್ಧತಿ.

ಭಾನುವಾರ ಮಧ್ಯಾಹ್ನ ಶಾಲೆಯ ಪಡಸಾಲೆ ತುಂಬಿತ್ತು. ಚನ್ನವೀರಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಸಾಕಷ್ಟು ಆರ್ಭಟಿಸಿದೆ. ಭಟ್ಟರು ಶಾಲು ಸರಿಮಾಡಿಕೊಂಡು ಮೆಲ್ಲಗೆ ಶುರುಮಾಡಿದರು.

"ಅಯ್ಯಾ ಚನ್ನವೀರ, ಮೂರನೆಯ ಸುತ್ತು ನೆನಪಿದೆಯೇ? ನನ್ನ ಕಣ್ಣಿಗೆ ಬೆವರು ಇಳಿದಿತ್ತು. ಒರೆಸಿಕೊಳ್ಳುತ್ತೇನೆ ಎಂದು ಹೇಳಲು ಪಂದ್ಯ ನಡೆಸುವ ಪಂಚನ ಕಡೆ ತಿರುಗಿದೆ. ಎರಡು ಕೈಗಳನ್ನೂ ಇಳಿಸಿದೆ. ಆ ಕ್ಷಣದಲ್ಲಿ ನನ್ನ ಮುಂದೆ ವೀರನೊಬ್ಬ ನಿಂತಿದ್ದಾನೆ ಎಂದು ನಂಬಿದ್ದೆ. ನಾನು ಬಿದ್ದದ್ದು ನಿನ್ನ ಏಟಿಗಲ್ಲ, ಆ ನಂಬಿಕೆಗೆ."

ಪಡಸಾಲೆಯಲ್ಲಿ ಎಲೆ ಅಡಿಕೆ ಅಗಿಯುವ ಸದ್ದೂ ನಿಂತಿತು. ಭಟ್ಟರು ಹಿಂದಿನ ವಾರ ಅಂಗಡಿಗೆ ಹೋಗಿ, ಆ ಪಂಜಾಬಿ ಹೇಗಿದ್ದ, ಹೇಗೆ ಬಿದ್ದ ಎಂದು ಚನ್ನವೀರಪ್ಪನವರನ್ನೇ ಕೇಳಿಕೊಂಡು ಬಂದಿದ್ದರಂತೆ. ಎರಡು ವರ್ಷ ಅದೇ ಅಂಗಡಿಯ ಚೀಲದ ಮೇಲೆ ಕೂತ ನಾನು ಆ ಪಂಜಾಬಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆದರೂ ಬಿಡಲಿಲ್ಲ. "ನಿಲ್ಲಿ ಎಂದು ಪಂಚ ಹೇಳಿದ್ದನೇ? ಇಲ್ಲ. ಹಾಗಾದರೆ ನಾನು ಮುರಿದ ನಿಯಮ ಯಾವುದು?" ಎಂದೆ. ಒಳ್ಳೆಯ ಮಾತೇ. ಹಿಂದಿನ ಸಾಲಿನಲ್ಲಿ ಯಾರೋ ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಚನ್ನವೀರಪ್ಪನವರು ಎದ್ದು ನಿಂತರು. ತನ್ನ ಪರವಾಗಿ ವಾದಿಸುವವನನ್ನು ಸಭೆಯಲ್ಲಿ ಕೂತ ವೀರನೇ ತಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅವರ ಬಲಗೈ ಪಕ್ಕದಲ್ಲಿತ್ತು. ಎಡಗೈ ಮಾತ್ರ ತಾನಾಗಿ ಗಲ್ಲದ ಹತ್ತಿರ ಬಂದು ಮುಷ್ಟಿಯಾಗಿತ್ತು. ಅವರಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ.

"ನೇಮ ಮುರದಿಲ್ಲರಿ, ಖರೆ. ಆದರ ಭಟ್ರು ಅಂದದ್ದೂ ಖರೆ. ಅಂವ ಕೈ ಇಳಿಸಿದ್ದು ನಾ ನೋಡೇನಿ. ನೋಡೇ ಹೊಡದೇನಿ. ಅಂವ ಭಾಳ ಹೊತ್ತು ಏಳಲಿಲ್ಲ. ಮುಂದಿನ ಪಂದ್ಯದಾಗ ಎದುರಿನಂವ ಕಣ್ಣು ಮುಚ್ಚಿ ತೆರೆದ್ರ ಸಾಕು, ನನ್ನ ಕೈ ನಿಲ್ಲತಿತ್ತು. ಬರೇ ಬಡಿಸಿಕೊಂಡೆ. ಸೋತೆ. ನಾ ಆಡಿದ್ದರಾಗ ಕಠಿಣ ಅಂದ್ರ ಅದ ನೋಡ್ರಿ. ಇಂವ ಅದನ್ನ ಹೇಳಂಗೇ ಇಲ್ಲ."

'ಇಂವ' ಎಂದರೆ ನಾನು. ಸಭೆಯೆಲ್ಲ ನನ್ನನ್ನು ನೋಡಿತು. ನಾನು ಮದ್ದಲೆಯನ್ನು ನೋಡಿದೆ.

ಹೆಗಡೆಯವರು ಬಾಯೊಳಗಿನ ಎಲೆ ಅಡಿಕೆಯ ಕವಳ ಉಗುಳಿ ಬಂದು ಕೂತರು.

"ಅಲ್ದಾ ಹವಾಲ್ದಾರ್ರೇ, ಸುಮ್ನೆ ಇದ್ದಿದ್ರೆ ಕೆಲಸ ಆಗ್ತಿತ್ತು. ಇದನ್ನ ಎಂತಕ್ಕೆ ಹೇಳಿದ್ದು?"

"ಹುಡುಗರಿಗೆ ಕಲಿಸಾಕ ಹೊಂಟೇನ್ರಿ. ಕೈ ಇಳಿಸಿದಂವನ್ನ ಹೊಡೀಬ್ಯಾಡ್ರಿ ಅಂತ ಮೊದಲ ಹೇಳಬೇಕಾಗತೈತಿ. ನಿಮಗ ಹೆಂಗ ಗೊತ್ತು ಅಂತ ಅವು ಕೇಳಿದ್ರ?"

ಹೆಗಡೆಯವರು ಕಮಿಟಿಯವರ ಮುಖಗಳನ್ನು ಒಂದೊಂದಾಗಿ ನೋಡಿದರು. ನನಗೆ ಕಣ್ಣ ಮುಂದೆ ಹುಬ್ಬಳ್ಳಿಯ ಗೇಟು ಕಾಣಿಸುತ್ತಿತ್ತು. ಕೊನೆಗೆ ಅವರು ಕೇಳಿದ್ದು ಇಷ್ಟೇ.

"ಖಾಕಿ ಚಡ್ಡಿ ಇದ್ದಾ ನಿಂಗಳ ಹತ್ರ? ಜೂನಿಗೆ ಶಾಲೆ ಶುರುವಾಗ್ತು."

ಚನ್ನವೀರಪ್ಪನವರು ಕೊನೆಯವರೆಗೂ ಆ ಶಾಲೆಯಲ್ಲೇ ಕೆಲಸ ಮಾಡಿ ನಿವೃತ್ತರಾದರು. ಬಾಕ್ಸಿಂಗ್ ಕಲಿಸಲೇ ಇಲ್ಲ; ಕವಾಯತು ಮಾಡಿಸಿದರು. ನಾನು ಬಾಕ್ಸಿಂಗ್ ಬಗ್ಗೆ ಮಾತು ಬಿಟ್ಟೆ. ತಾಳಮದ್ದಲೆ ಬಿಡಲಾಗಲಿಲ್ಲ.

ಮೊಣಕಾಲು ಸರಿಯಾಗಲಿ ಬಿಡಲಿ, ನಿನ್ನೆಯೂ ಯಲ್ಲಾಪುರದಲ್ಲಿ ಒಂದು ಕೂಟಕ್ಕೆ ಹೋಗಿದ್ದೆ. ಎದುರಿಗಿದ್ದವರು ನನಗಿಂತ ಹಿರಿಯರು. ಮಾತಿನ ನಡುವೆ ಅವರಿಗೆ ಎಳೆ ತಪ್ಪಿತು. ಶಾಲಿನ ಅಂಚು ಹಿಡಿದುಕೊಂಡು ಸುಮ್ಮನೆ ಕೂತರು. ಅವರನ್ನು ಮುಗಿಸಿಬಿಡುವಂಥ ಒಂದು ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ನನ್ನ ಆಯುಷ್ಯದಲ್ಲೇ ಅಷ್ಟು ಒಳ್ಳೆಯ ವಾಕ್ಯ ಹೊಳೆದಿರಲಿಲ್ಲ. ನಾನು ಕಾದೆ. ಭಾಗವತರು ಒಂದು ಪದ್ಯ ಎಳೆದು ಹಾಡಿದರು. ಆ ಹಿರಿಯರಿಗೆ ಮಾತು ನೆನಪಾಯಿತು, ಸೊಗಸಾಗಿ ಮುಂದುವರಿಸಿದರು.

ಅಷ್ಟರಲ್ಲಿ ನನ್ನದು ಮರೆತುಹೋಗಿತ್ತು.