ಹೆಸರು ಕೊರೆದ ಜಾಗ

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗ ನೋಡಿದರೂ ರಕ್ತ ಹೆಪ್ಪುಗಟ್ಟಿ ಕಪ್ಪಗಿರುತ್ತಿತ್ತು. ಆ ಕೈಯಲ್ಲಿ ಸಣ್ಣ ಉಳಿ, ಬಲಗೈಯಲ್ಲಿ ಸುತ್ತಿಗೆ. ದಿನಕ್ಕೊಂದು ಏಟಾದರೂ ಉಳಿ ತಪ್ಪಿ ಉಗುರಿನ ಮೇಲೆ ಬೀಳುತ್ತಿತ್ತು. ಬಿದ್ದಾಗ ಬೆರಳನ್ನು ಬಾಯಿಗಿಟ್ಟುಕೊಂಡು, ಎದುರಿಗೆ ಕೂತ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು, ನಾನೇ ಹೊಡೆದವಳ ಹಾಗೆ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ತಗಡಿನ ಶೆಡ್ಡು. ಎಲ್ಲರಿಗೂ ಅವರು ಮೇಸ್ತ್ರಿ. ಪೋಲಿಯೋದಿಂದ ಸೊರಗಿದ ಕಾಲಿಗೆ ಕಟ್ಟುವ ಕ್ಯಾಲಿಪರ್ ಮಾಡುತ್ತಿದ್ದರು. ಕಾಲಿನ ಎರಡೂ ಬದಿಗೆ ಕಬ್ಬಿಣದ ಪಟ್ಟಿ, ಮೊಣಕಾಲಿನ ಹತ್ತಿರ ಕೀಲು, ಚರ್ಮದ ಬೆಲ್ಟು, ಕೆಳಗೊಂದು ಬೂಟು. ಯಾವುದೋ ದೊಡ್ಡ ಊರಿನ ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಕಲಿತು ಬಂದಿದ್ದರಂತೆ. ಹೆಂಡತಿ ತೀರಿಕೊಂಡಿದ್ದರು. ಶೆಡ್ಡಿನಲ್ಲೇ ಅಡುಗೆ, ಶೆಡ್ಡಿನಲ್ಲೇ ನಿದ್ದೆ.

ಎಪ್ಪತ್ತರ ದಶಕದಲ್ಲಿ ನಾನು ನ್ಯಾಮತಿಯ ಪ್ರೈಮರಿ ಶಾಲೆಗೆ ಟೀಚರ್ ಆಗಿ ಸೇರಿದ್ದೆ. ಬಾಡಿಗೆ ಕೋಣೆಯಲ್ಲಿ ನಾನೂ ಒಬ್ಬಳೇ. ಬೆನ್ನ ಹಿಂದೆ ಊರವರು ಕುಂಟಿ ಟೀಚರ್ ಅನ್ನುತ್ತಿದ್ದರು. ಕಾಲು ಸರಿಯಿಲ್ಲದಿದ್ದರೂ ಕಿವಿ ಸರಿಯಾಗಿಯೇ ಇತ್ತಲ್ಲ, ಎಲ್ಲ ಕೇಳಿಸುತ್ತಿತ್ತು. ಭಾನುವಾರ ಬಂದರೆ ಆ ಕೋಣೆಯ ಗೋಡೆಗಳನ್ನು ನೋಡಲಾಗುತ್ತಿರಲಿಲ್ಲ. ನನ್ನ ಕ್ಯಾಲಿಪರ್‌ನ ಬೆಲ್ಟು ಸಡಿಲವಾಗಿದೆ ಅಂತಲೋ, ಬೂಟು ಕಚ್ಚುತ್ತಿದೆ ಅಂತಲೋ ನೆಪ ಹೂಡಿ ಚನ್ನಗಿರಿಯ ಬಸ್ ಹತ್ತುತ್ತಿದ್ದೆ. ನನಗೆ ಮಾತಾಡಲು ಇದ್ದದ್ದು ಮೇಸ್ತ್ರಿ ಒಬ್ಬರೇ. ಅವರೋ, ಹತ್ತು ಮಾತಿಗೆ ಒಂದು 'ಹೂಂ' ಅಂದರೆ ಹೆಚ್ಚು.

ಪ್ರತಿ ಕ್ಯಾಲಿಪರ್ ಮೇಲೂ ಅದನ್ನು ಹಾಕಿಕೊಳ್ಳುವವರ ಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ ಕೊರೆಯುವುದು ಅವರ ಪದ್ಧತಿ. ಕೂತರೆ ಕಣ್ಣಿಗೆ ಬೀಳಲಿ ಎಂದು ಮೊಣಕಾಲಿನ ಕೀಲಿನ ಕೆಳಗೇ ಕೊರೆಯುತ್ತಿದ್ದರು. ಆಸ್ಪತ್ರೆಯವರ ಹಾಗೆ ಒಂದು ನಂಬರ್ ಹೊಡೆದರೆ ಉಗುರಾದರೂ ಉಳಿದೀತು ಎಂದು ನಾನು ಕೆಣಕಿದ್ದೆ.

"ನಂಬರ್ ಬಸ್ಸಿಗಿರಲಿ ಟೀಚರಮ್ಮ. ಮನುಷ್ಯರಿಗೆ ಹೆಸರೈತೆ."

ಒಂದು ಮಳೆಗಾಲ, ನ್ಯಾಮತಿಯಲ್ಲಿ ಬಸ್ ಇಳಿಯುವಾಗ ಕ್ಯಾಲಿಪರ್ ಲಟಕ್ಕನೆ ಮುರಿಯಿತು. ಶಾಲೆಯ ಮಕ್ಕಳ ಎದುರೇ ಬೋರಲು ಬಿದ್ದೆ. ಮುಂದಿನ ಹಲ್ಲು ಅರ್ಧ ಹೋಯಿತು, ಮಾನ ಪೂರ್ತಿ ಹೋಯಿತು. ಮಾರನೆಯ ದಿನವೇ ಊರುಗೋಲು ಹಿಡಿದು ಚನ್ನಗಿರಿಗೆ ಹೋಗಿ, ತುಂಡುಗಳನ್ನು ಅವರ ಮುಂದೆ ಎಸೆದು ಬಾಯಿಗೆ ಬಂದಂತೆ ಬೈದೆ. ಅವರು ಎರಡೂ ತುಂಡುಗಳನ್ನು ಬಾಗಿಲ ಬೆಳಕಿಗೆ ಒಯ್ದು ಜೋಡಿಸಿ ನೋಡಿದರು.

"ಹೆಸರು ಕೊರೆದಲ್ಲೇ ಮುರಿದೈತೆ," ಎಂದರು.

ಹೆಜ್ಜೆ ಹೆಜ್ಜೆಗೂ ಭಾರ ಬೀಳುವ ಜಾಗ ಅದು. ಉಳಿ ಇಳಿದ ಗೆರೆಯಿಂದಲೇ ಬಿರುಕು ಹೊರಟಿತ್ತು. ಅಂದರೆ ಅವರು ಹೆಸರು ಕೊರೆದ ಯಾವ ಕ್ಯಾಲಿಪರ್ ಬೇಕಾದರೂ ಇವತ್ತೋ ನಾಳೆಯೋ ಮುರಿಯಬಹುದಿತ್ತು. ಅವರ ಮುಖ ಬಿಳಿಚಿದ್ದನ್ನು ನೋಡಿ ನನ್ನ ಕೋಪ ಎಲ್ಲಿ ಹೋಯಿತೋ.

ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕಿ ಹೊರಟರು. ಯಾರ ವಿಳಾಸವನ್ನೂ ಬರೆದಿಟ್ಟಿರಲಿಲ್ಲ, ಆದರೆ ಹೆಸರು ಮತ್ತು ಊರು ಬಾಯಿಪಾಠ. ಹೊನ್ನಾಳಿ, ಸಾಸ್ವೆಹಳ್ಳಿ, ಬಸವಾಪಟ್ಟಣ, ಜಗಳೂರು ಎಂದು ಚೀಲ ಹೊತ್ತು ಬಸ್ಸಿನಿಂದ ಬಸ್ಸಿಗೆ ಅಲೆದರು. ಹೋದಲ್ಲೆಲ್ಲ ಹಳೆಯ ಪಟ್ಟಿ ಬಿಚ್ಚಿ ಹೊಸದು ಕೂರಿಸಿದರು. ಹೊಸ ಪಟ್ಟಿಗಳ ಮೇಲೆ ಹೆಸರಿರಲಿಲ್ಲ. ನನ್ನದೂ ಬೋಳು. ಬರೆಯಿರಿ ಎಂದರೆ ಮುಖ ತಿರುಗಿಸುತ್ತಿದ್ದರು.

ಎಲ್ಲರೂ ಸಿಕ್ಕರು, ಬಿಳಿಚೋಡಿನ ಒಬ್ಬ ಹುಡುಗನನ್ನು ಬಿಟ್ಟು. ಕುರಿ ಕಾಯುವವರ ಮನೆ. ಮೇಸ್ತ್ರಿ ಹೋದಾಗಲೆಲ್ಲ ಮನೆಯವರು ಕುರಿಗಳ ಹಿಂದೆ ಎಲ್ಲಿಗೋ ಹೋಗಿರುತ್ತಿದ್ದರು. ಆ ಹುಡುಗ ನಡೆಯುವುದಿಲ್ಲ, ಓಡುತ್ತಾನೆ, ಕಲ್ಲಿನ ಮೇಲೆ ಬಿದ್ದರೆ ಏನು ಗತಿ ಎಂದು ಮೇಸ್ತ್ರಿ ಅದೊಂದನ್ನೇ ಹೇಳುತ್ತಿದ್ದರು. ಮುಂದಿಟ್ಟುಕೊಂಡ ಅನ್ನವನ್ನು ಮುಟ್ಟುತ್ತಿರಲಿಲ್ಲ. ನೋಡಲಾರದೆ ಬೇಸಿಗೆ ರಜೆಯಲ್ಲಿ ನಾನೂ ಜೊತೆಗೆ ಹೋದೆ.

ಅವತ್ತು ಹುಡುಗನ ಅಪ್ಪ ಮನೆಯಲ್ಲಿದ್ದ. ಬಂದ ಕಾರಣ ಕೇಳಿ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕ್ಯಾಲಿಪರ್ ತಂದ. ಮುರಿದಿರಲಿಲ್ಲ. ಹುಡುಗ ಹಿಂದಿನ ವರ್ಷವೇ ಜ್ವರ ಬಂದು ತೀರಿಕೊಂಡಿದ್ದ. ಮೇಸ್ತ್ರಿ ಕಟ್ಟೆಯ ಮೇಲೆ ಕೂತರು. ಅವನು ಬಿದ್ದಿದ್ದನಾ ಎಂದು ಕೇಳಿದರು.

"ಇಲ್ರಿ. ಇದು ಕಟ್ಟಿಸ್ಕಂಡ ಮ್ಯಾಲೆ ಒಂದಿನಾನೂ ಬೀಳಲಿಲ್ಲ."

ಪ್ರತಿ ಮನೆಯಲ್ಲೂ ಮಾಡಿದ ಹಾಗೆ ಹಳೆಯ ಪಟ್ಟಿಗೆ ಮೇಸ್ತ್ರಿ ಕೈ ಚಾಚಿದರು. ಆತ ಅದನ್ನು ಮಡಿಲಿಗೆ ಎಳೆದುಕೊಂಡ.

"ಇದನ್ನ ಕೇಳಬ್ಯಾಡ್ರಿ ಮೇಸ್ತ್ರಿ. ನನ್ನ ಮಗನ ಹೆಸರು ಬರೆದಿರೋದು ಇದೊಂದರ ಮ್ಯಾಲೇ ಐತೆ. ನಂಗೆ ಓದಾಕೆ ಬರಲ್ಲ, ಮುಟ್ಟಿ ನೋಡ್ಕೊಂತೀನಿ."

ವಾಪಸ್ ಬರುವ ಬಸ್ಸಿನಲ್ಲಿ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮೇಸ್ತ್ರಿ ಕಿಟಕಿಯ ಕಡೆ ತಿರುಗಿದ್ದರು. ಊರು ಹತ್ತಿರ ಬಂದಾಗ ಬಾಯಿಬಿಟ್ಟರು: "ಹೆಸರು ಬರೆದಿದ್ದೇ ತಪ್ಪು ಅಂದ್ಕಂಡಿದ್ದೆ. ಜಾಗ ತಪ್ಪು, ಟೀಚರಮ್ಮ."

ಆಮೇಲೆ ಉಳಿ ಬಿಟ್ಟರು. ಪಟ್ಟಿಗೆ ಮೇಣ ಬಳಿದು, ಸೂಜಿಯಲ್ಲಿ ಹೆಸರು ಗೀಚಿ, ಅಕ್ಕಸಾಲಿಗರಿಂದ ತಂದ ಆಸಿಡ್ ಹನಿಸುತ್ತಿದ್ದರು. ಮೇಣ ಕಿತ್ತಲ್ಲಷ್ಟೇ ಅದು ಕಬ್ಬಿಣ ತಿಂದು, ತೊಡೆಯ ಬಳಿ, ಭಾರ ಬೀಳದ ತುದಿಯಲ್ಲಿ ಅಕ್ಷರ ತೆಳುವಾಗಿ ಮೂಡುತ್ತಿತ್ತು. ಈಗ ನಾನು ಹಾಕಿಕೊಳ್ಳುವ ಕಂಪನಿಯ ಕ್ಯಾಲಿಪರ್ ಮೇಲೆ ಲೇಸರ್‌ನಲ್ಲಿ ಬರೆದ ನಂಬರಿದೆ. ಬರೀ ಬೆಳಕಿನ ಶಾಖದಿಂದ ಬರೆಯುತ್ತಾರಂತೆ, ಲೋಹಕ್ಕೆ ಗಾಯವೇ ಆಗುವುದಿಲ್ಲವಂತೆ. ಬೆರಳಾಡಿಸಿದರೆ ಏನೂ ತಗುಲುವುದಿಲ್ಲ. ಮೇಸ್ತ್ರಿ ನೋಡಿದ್ದರೆ ಬೆರಗಾಗುತ್ತಿದ್ದರು, ಆಮೇಲೆ ಹೆಸರೆಲ್ಲಿ ಎಂದು ಜಗಳ ತೆಗೆಯುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಜಗಳೂರಿಗೆ ವರ್ಗವಾಯಿತು. ಆಮೇಲೆ ಚನ್ನಗಿರಿಗೆ ಹೋಗುತ್ತಿದ್ದದ್ದು ರಜೆಯಲ್ಲಿ ಮಾತ್ರ. ಒಂದು ಸಲ ಹೋದಾಗ ಶೆಡ್ಡಿಗೆ ಬೀಗ. ಪಕ್ಕದ ಟೀ ಅಂಗಡಿಯವನು ನನ್ನನ್ನು ಕೂರಿಸಿ ಹೇಳಿದ: ಮಲಗಿದಲ್ಲೇ ಹೋಗಿಬಿಟ್ಟಿದ್ದರು, ನೆಂಟರು ಅಂತ ಯಾರೂ ಬರಲಿಲ್ಲ, ತಾನೂ ಒಂದಿಬ್ಬರು ಬಸ್ ಡ್ರೈವರ್‌ಗಳೂ ಸೇರಿ ಮಣ್ಣು ಮಾಡಿದ್ದರು. ಪುರಸಭೆಯಲ್ಲಿ ಹೆಸರು ಕೇಳಿದ್ದಕ್ಕೆ ಮೇಸ್ತ್ರಿ ಎಂದಷ್ಟೇ ಬರೆಸಿ ಬಂದಿದ್ದರಂತೆ.

"ಅವರ ಹೆಸರು ಏನಂತ ನಿಮಗಾದ್ರೂ ಗೊತ್ತೇನ್ರಿ ಟೀಚರ್?"

ಅಷ್ಟು ವರ್ಷ, ಅಷ್ಟು ಭಾನುವಾರ ಆ ಮನುಷ್ಯನ ಎದುರು ಕೂತಿದ್ದವಳು ನಾನು. ಗೊತ್ತಿಲ್ಲ ಎಂದೆ.