ಏಳು ಕಲ್ಲಿನ ಓಲೆಯ ಪಟ

ಅಂದೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲು ಕಾಯಲು ಇಟ್ಟೆ. ನಮ್ಮವರು ಕಾಫಿ ಕುಡಿದು ರೇಷ್ಮೆ ಇಲಾಖೆಯ ಕಚೇರಿಗೆ ಹೊರಟರು. ಮಕ್ಕಳು ಶಾಲೆಗೆ ಹೋದ ಮೇಲೆ ಅತ್ತೆ ಅಡುಗೆಮನೆಯ ಹೊಸಿಲಲ್ಲಿ ನಿಂತು, ಅಂಗೈ ಮುಚ್ಚಿಕೊಂಡೇ ಕೇಳಿದರು: "ನಿನ್ ಕ್ಯಾಮರಾದಲ್ಲಿ ರೀಲು ಅದಾ, ಮಗ?"

ಅಂಗೈಯಲ್ಲಿದ್ದದ್ದು ಅವರ ವಜ್ರದ ಓಲೆಯ ಜೋಡಿ, ಒಂದೊಂದರಲ್ಲೂ ಏಳು ಕಲ್ಲು. ಮಾವ ಹೋದ ಮೇಲೆ, ಮನೆಯ ರೂಢಿಯಂತೆ, ಅವರು ಅದನ್ನು ಕಿವಿಗೆ ಇಟ್ಟಿರಲಿಲ್ಲ. ಹನೂರಿಗೆ ಕೊಟ್ಟ ಮಗಳಿಗೂ ಅದರ ಮೇಲೆ ಆಸೆ, ಯಳಂದೂರಿನವಳಿಗೂ ಆಸೆ. ಅತ್ತೆಯ ತೀರ್ಮಾನ ನೇರವಾಗಿತ್ತು: ಓಲೆ ಒಡೆಸುವುದು. ಒಬ್ಬೊಬ್ಬಳಿಗೆ ಏಳು ಕಲ್ಲು. ಕಿವಿಗೆ ಮೂರು ಮೂರು, ಮೂಗಿಗೆ ಒಂದು. ಜಗಳವಿಲ್ಲ. ಆದರೆ ನಡುವೆ ಒಂದು, ಸುತ್ತ ಆರು ಕಲ್ಲು ಕೂತು ಹೂವಾಗಿದ್ದದ್ದು ಇನ್ನು ಎಲ್ಲಿಯೂ ಇರುವುದಿಲ್ಲ. ಅಕ್ಕಸಾಲಿ ಆಚಾರ್ರು ಬರುವ ಮೊದಲು ಅದರದೊಂದು ಪಟ ಬೇಕು, ಅಷ್ಟೇ ಅವರ ಆಸೆ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದು ಮುಗಿಸಿದಾಗ ಅಪ್ಪ ಕೊಡಿಸಿದ್ದ ಪೆಟ್ಟಿಗೆ ಕ್ಯಾಮರಾ ಅದು. ಮಾರು ದೂರದ ಮನುಷ್ಯರನ್ನು ಚೆನ್ನಾಗಿ ಹಿಡಿಯುತ್ತಿತ್ತು, ಹತ್ತಿರದ್ದೆಲ್ಲ ಮಂಜು. ನಮ್ಮವರು ರೇಷ್ಮೆ ಮೊಟ್ಟೆ ನೋಡಲು ಬಳಸುತ್ತಿದ್ದ ಹಳೆಯ ಭೂತಗನ್ನಡಿ ನೆನಪಾಯಿತು. ಚಪಾತಿ ಹಿಟ್ಟಿನ ಉಂಡೆಯಿಂದ ಅದನ್ನು ಕ್ಯಾಮರಾದ ಕಣ್ಣಿಗೆ ಅಂಟಿಸಿದೆ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೊಡೆಯ ಕಪ್ಪು ಬಟ್ಟೆ ಹಾಸಿ ಒಂದು ಓಲೆ ಇಟ್ಟೆ. ರೀಲು ಹಾಕುವ ಮುಂಚೆ ಕ್ಯಾಮರಾದ ಹಿಂಬದಿ ತೆಗೆದು, ಎಣ್ಣೆ ಸವರಿದ ತೆಳು ಕಾಗದ ಹಿಡಿದು ನೋಡಿದೆ. ತಲೆಕೆಳಗಾದ ಓಲೆ ಮೂಡಿತು. ಚಿನ್ನದ ಅಂಚು ಸ್ಪಷ್ಟ. ಕಲ್ಲುಗಳು ಮಾತ್ರ ಇದ್ದಿಲ ಚೂರುಗಳ ಹಾಗೆ ಕಪ್ಪು. ಒರೆಸಿದೆ, ತಿರುಗಿಸಿದೆ. ಕಪ್ಪೇ.

ಅಷ್ಟರಲ್ಲಿ ಜಗುಲಿಯಿಂದ ಆಚಾರ್ರ ಕೆಮ್ಮು ಕೇಳಿಸಿತು. ರಾಹುಕಾಲಕ್ಕೆ ಮೊದಲೇ ಕೆಲಸ ಶುರುವಾಗಬೇಕೆಂದು ಅವರ ಅವಸರ. ನಾನು ಕಣ್ಣು ಕಿರಿದು ಮಾಡಿ ಮತ್ತೆ ಕಾಗದಕ್ಕೆ ಬಾಗಿದೆ. ಬಿಸಿಲು ನನ್ನ ಕಣ್ಣಿಗೆ ಹೊಡೆಯುತ್ತಿದೆ ಎಂದುಕೊಂಡು ಅತ್ತೆ ಪಕ್ಕಕ್ಕೆ ಬಂದು ಸೆರಗು ಅಗಲಿಸಿ ಹಿಡಿದರು. ಕಾಗದದ ಮೇಲೆ ಏಳು ಕಲ್ಲೂ ಒಮ್ಮೆಗೇ ಹೊತ್ತಿಕೊಂಡವು. ಅವರ ಬಿಳಿ ಸೀರೆಯ ಬೆಳಕು ಕಲ್ಲಿನ ಮುಖಗಳಿಗೆಲ್ಲ ಹೊಕ್ಕಿತ್ತು. ಅದುವರೆಗೆ ಆ ಕಲ್ಲುಗಳು ತೋರಿಸುತ್ತಿದ್ದದ್ದು ಕ್ಯಾಮರಾದ ಕರಿ ಪೆಟ್ಟಿಗೆಯನ್ನು, ಬಾಗಿ ನಿಂತ ನನ್ನ ತಲೆಯನ್ನು.

"ಅತ್ತೆ, ಅಲ್ಲಾಡಬೇಡಿ. ಹಾಗೇ ಇರಿ."

ಕ್ಯಾಮರಾದ ಜಾಗ ಕದಲದಂತೆ ರೀಲು ಏರಿಸಿ ಎರಡು ಪಟ ತೆಗೆಯುವಷ್ಟು ಹೊತ್ತೂ ಅವರು ಕೈ ಇಳಿಸಲಿಲ್ಲ. ಮೊಣಕೈ ಸಣ್ಣಗೆ ಕಂಪಿಸುತ್ತಿತ್ತು, ಸೆರಗಿನ ಅಂಚು ಕಂಪಿಸಲಿಲ್ಲ. ಆಚಾರ್ರು ಮತ್ತೆ ಕರೆದಾಗ ತಲೆ ತಿರುಗಿಸದೆಯೇ ಅಂದರು: "ತಡ್ಕಳಪ್ಪ. ಇನ್ನೊಂದ್ ಗಳಿಗೆ ಇವು ನನ್ನವೇ."

ಆಮೇಲೆ ತಾವೇ ಓಲೆ ತೆಗೆದುಕೊಂಡು ಹೋಗಿ ಆಚಾರ್ರ ಕೈಗಿಟ್ಟರು. ಒಂದೊಂದೇ ಕಲ್ಲು ಗೂಡಿನಿಂದ ಏಳುವಾಗಲೂ ಪಕ್ಕದಲ್ಲೇ ಕೂತು, ಹನೂರಿನವಳ ಮೂಗು ಸಣ್ಣದು, ಅವಳಿಗೆ ಚಿಕ್ಕ ಕಲ್ಲೇ ಇಡಿ ಎಂದು ಹೇಳುತ್ತಿದ್ದರು. ಅಂಥ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಪೇಟೆಯ ಸ್ಟುಡಿಯೋದವರು ಸಂಜೆಗೇ ಪಟ ತೊಳೆದುಕೊಟ್ಟರು. ಒಂದು ಮಸುಕು, ಇನ್ನೊಂದು ನಿಚ್ಚಳ: ಕತ್ತಲಲ್ಲಿ ಅರಳಿದ ಬಿಳಿ ಹೂವು, ಎಸಳೆಸಳಿನಲ್ಲೂ ಪುಟ್ಟ ಪುಟ್ಟ ಕಿಟಕಿಗಳು. ಅತ್ತೆ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೆರಳು ಒಮ್ಮೆ ತಮ್ಮ ಬರಿಯ ಕಿವಿಯನ್ನು ಮುಟ್ಟಿ ಬಂತು.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಬಟ್ಟಲು ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಕಲ್ಲುಸಕ್ಕರೆಗೆಲ್ಲ ಪಟ ತಗ್ಸವ್ರಲ್ಲವ್ವ! ಅಂಗ್ಡೀಲಿ ಬೇಕಾದಷ್ಟು ಸಿಕ್ತದೆ ಕಣ್ರಿ."