ಹಲ್ಲಕ್ಕನ ಉಬ್ಬಿದ ಬೋಗಿ

ಅವಳ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕ ವಸಡು ಮಾಡಿ, ವಸಡಿಗೆ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಹಿಂದಕ್ಕೆ ಕಳಿಸುತ್ತಿದ್ದಳು. ಈ ಊರಿನ ಅರ್ಧ ಮುದುಕರು ನಗುವುದು ತನ್ನ ಕೈಗುಣದಿಂದ ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಪುಟ್ಟ ರೈಲುಗಳ ಸಂಘಕ್ಕೆ ಸೇರಿದ ಮೇಲೆ ಅಲ್ಲಿನವರು ಅವಳನ್ನು ಹಲ್ಲಕ್ಕ ಎಂದು ಕರೆಯತೊಡಗಿದರು. ಅವಳಿಗೇನೂ ಬೇಸರವಾಗಲಿಲ್ಲ.

ಪುಟ್ಟ ರೈಲು ಎಂದರೆ ಮಕ್ಕಳ ಆಟಿಕೆಯಲ್ಲ. ಹಳೆಯ ಗೋದಾಮಿನ ಹಿಂದಿನ ಅಂಗಳದಲ್ಲಿ ಸಂಘದವರು ಗಿಡಗಳ ನಡುವೆ ಸುತ್ತಿಸಿ ಹಳಿ ಹಾಸಿದ್ದರು. ಹಳಿಗಳ ನಡುವೆ ಮೂರು ಬೆರಳಿನ ಅಗಲ. ಒಂದೊಂದು ಬೋಗಿಯೂ ಎರಡು ಮೊಳಕ್ಕೆ ಚೂರು ಕಮ್ಮಿ. ಅದನ್ನು ಎತ್ತಬೇಕಾದರೆ ಹಸುಗೂಸನ್ನು ಎತ್ತುವ ಹಾಗೆ ಎರಡೂ ಕೈ ಕೊಡಬೇಕು. ಸಂಘದ ಗಂಡಸರೆಲ್ಲ ಉಗಿಬಂಡಿಯ ಕಾಲದಲ್ಲೇ ನಿಂತುಬಿಟ್ಟಿದ್ದರು. ಹೊಗೆ ಕಾರುವ ಎಂಜಿನ್ನು, ಅದರ ಹಿಂದೆ ಮರದ ಬೋಗಿ. ಅಂಗಡಿಯಲ್ಲಿ ಸಿಗುವುದೂ ಅಂಥವೇ. ಹಲ್ಲಕ್ಕನಿಗೆ ಬೇಕಾಗಿದ್ದು ತಾನು ದಿನಾ ಕೆಲಸಕ್ಕೆ ಹೋಗುವ ಈಗಿನ ರೈಲು: ನುಣುಪಾದ ಮೈ, ಕಪ್ಪು ಛಾಯೆಯ ಅಗಲ ಗಾಜು, ತಾವಾಗಿಯೇ ಸರಿಯುವ ಬಾಗಿಲು. ಅದು ಈ ಅಳತೆಯಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಸಿಗದಿದ್ದರೆ ತಾನೇ ಮಾಡುವುದು ಎಂದು ಹೊರಟಳು.

ಬಿಳಿ ಪ್ಲಾಸ್ಟಿಕ್ ಹಾಳೆ ತಂದು ಚೂರಿಯಲ್ಲಿ ಕೊಯ್ದು ಗೋಡೆ, ನೆಲ, ಚಾವಣಿ ಮಾಡಿದಳು. ಈ ಹಾಳೆಗೆ ಹಾಕುವ ಅಂಟು ನೀರಿನಷ್ಟು ತೆಳು. ಅದು ಅಂಟಿಸುವುದಿಲ್ಲ, ಹಾಳೆಯನ್ನೇ ಸ್ವಲ್ಪ ಕರಗಿಸಿ ಎರಡನ್ನು ಒಂದು ಮಾಡುತ್ತದೆ. ಈಗಿನ ಬೋಗಿಯ ಮೈ ನೇರವಾಗಿರುವುದಿಲ್ಲ. ಕಿಟಕಿಯ ಕೆಳಗೆ ಸಣ್ಣಗೆ ಉಬ್ಬಿ, ಬುಡಕ್ಕೆ ಬಂದಂತೆ ಒಳಕ್ಕೆ ಬಾಗುತ್ತದೆ. ಆ ಬಾಗು ಬರಲೆಂದು ಅವಳು ಎರಡು ಪದರದ ಗೋಡೆ ಕಟ್ಟಿದಳು. ನಡುವೆ ಟೊಳ್ಳು, ಟೊಳ್ಳಿನಲ್ಲಿ ಸಣ್ಣ ಪಟ್ಟಿಗಳು, ಸುತ್ತಲೂ ಇರುವೆ ನುಸುಳದಷ್ಟು ಬಿಗಿಯಾದ ಅಂಚು. ಆಸನಗಳನ್ನು ಮಾಡಿದ್ದು ಮಾತ್ರ ತನ್ನ ಕಸುಬಿನ ದಾರಿಯಲ್ಲಿ. ಮೇಣದಲ್ಲಿ ಒಂದನ್ನು ಕೆತ್ತಿ, ಅಚ್ಚು ತೆಗೆದು, ವಸಡಿಗೆ ಬಳಸುವ ಗುಲಾಬಿ ಹಿಟ್ಟಿನಲ್ಲಿ ಎರಕ ಹೊಯ್ದಳು. ನೀಲಿ ಬಣ್ಣ ಬಳಿಯುವವರೆಗೆ ಪ್ರಯಾಣಿಕರು ವಸಡಿನ ಮೇಲೆ ಕೂರಬೇಕಾದೀತು ಎಂದು ಗಂಡ ನಕ್ಕಿದ್ದ.

ಗಂಡ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಎದುರಿಗೆ ಕೂತವರ ಮುಖಕ್ಕಿಂತ ಮೊದಲು ಕೈ ನೋಡುವ ಅಭ್ಯಾಸ. ಅನುಮಾನವೇ ಅವನ ಅನ್ನ.

ಸಂಘದಲ್ಲಿ ಅವಳಿಗೆ ಹತ್ತಿರದವನೆಂದರೆ ಎಣ್ಣೆಯಣ್ಣ. ಹೊಲಿಗೆ ಯಂತ್ರ ರಿಪೇರಿ ಮಾಡುವ ಹಿರಿಯ. ಅಂಗಿಯ ಜೇಬಿನಲ್ಲಿ ಸದಾ ಪುಟ್ಟ ಎಣ್ಣೆಬುಡ್ಡಿ ಇರುತ್ತಿದ್ದುದರಿಂದ ಆ ಹೆಸರು. ಹಿತ್ತಾಳೆಯಲ್ಲಿ ಎಂಜಿನ್ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವಳು ಮೊದಲ ಸಲ ಬಂದಾಗ ಉಳಿದವರು ಮುಗುಳ್ನಕ್ಕು ಸುಮ್ಮನಾದರೆ, ಇವನು ತನ್ನ ಪಕ್ಕದ ಸ್ಟೂಲಿನ ಮೇಲಿದ್ದ ಡಬ್ಬಗಳನ್ನು ತೆಗೆದು ಕೂರಲು ಹೇಳಿದ್ದ. ಲೋಹ ಉಜ್ಜುವ ಅರವನ್ನು ಒತ್ತದೆ ಎಳೆಯುವುದನ್ನು ಕಲಿಸಿದ್ದ. ಸಂಘದ ಬೀರುವಿನ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು, ಅವನ ಮನೆ ಪಕ್ಕದ ಬೀದಿಯಲ್ಲಿದ್ದುದರಿಂದ.

ಮೊದಲ ಬೋಗಿ ಮುಗಿದಾಗ ಎಲ್ಲರೂ ಹೊಗಳಿದರು. ಎಣ್ಣೆಯಣ್ಣ ಮಾತ್ರ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ಸೋಪಿನ ಡಬ್ಬಕ್ಕೆ ಚಕ್ರ ಹಚ್ಚಿದ ಹಾಗಿದೆ ಎಂದ. ಅವಳೂ ನಕ್ಕಳು. ಮನೆಯಲ್ಲಿ ಜಾಗ ಸಾಲದೆ ಬೋಗಿಯನ್ನು ಸಂಘದ ಬೀರುವಿನಲ್ಲೇ ಇಟ್ಟಳು.

ಕೆಲವು ವಾರ ಕಳೆದು ತೆಗೆದು ನೋಡಿದರೆ ಬೋಗಿ ಕೆಟ್ಟಿತ್ತು. ಕಿಟಕಿಗಳ ಕೆಳಗೆ ಗೋಡೆ ಹೊಟ್ಟೆ ಬಿಟ್ಟಿತ್ತು. ಚಾವಣಿ ನಡುವೆ ಎದ್ದು ಎರಡು ತುದಿ ಇಳಿದಿದ್ದವು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು. ನೆಲವನ್ನು ಹಿಡಿದ ತಿರುಪುಗಳಲ್ಲಿ ಒಂದರ ತಲೆಯ ಮೇಲೆ ಹೊಸ ಗೀರು. ಒಳಗೆ ಒಂದು ಆಸನ ಹಿಂದುಮುಂದಾಗಿ ಕೂತಿತ್ತು. ಅವಳು ಹಾಗೆ ಕೂರಿಸುವವಳಲ್ಲ.

ಬೋಗಿಯನ್ನು ಎತ್ತಿಕೊಂಡು ಮನೆಗೆ ಬಂದಳು. ಗಂಡ ಬೋಗಿಯನ್ನು ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದ.

“ಬೀಗದ ಕೈ ಯಾರ ಹತ್ರ ಇರುತ್ತೆ?”

“ಅಣ್ಣನ ಹತ್ರ. ಅವರು ಅಂಥವರಲ್ಲ ರೀ.”

“ಅಂಥವರಲ್ಲ ಅನ್ನೋರನ್ನೇ ನಾನು ದಿನಾ ಬಸ್ಸಿಂದ ಇಳಿಸ್ತೀನಿ.”

ಆ ಮಾತು ಅವಳ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು. ಸೋಪಿನ ಡಬ್ಬ ಎಂದಿದ್ದು ತಮಾಷೆಯೋ, ಹೊಟ್ಟೆಕಿಚ್ಚೋ? ಮುಂದಿನ ವಾರ ಎಣ್ಣೆಯಣ್ಣ ಎಂದಿನಂತೆ ಮಾತಾಡಿಸಿದರೆ ಏನೋ ಮುಚ್ಚಿಡುತ್ತಿದ್ದಾನೆ ಅನಿಸಿತು. ಮಾತಾಡಿಸದಿದ್ದಾಗ ತಪ್ಪಿತಸ್ಥನಂತೆ ಮುಖ ತಪ್ಪಿಸುತ್ತಿದ್ದಾನೆ ಅನಿಸಿತು. ಬೋಗಿ ಕೆಟ್ಟಿದ್ದನ್ನು ತೋರಿಸಿದಾಗ ಅವನು ಪಾಪ ಎಂದನೇ ಹೊರತು ಹೇಗೆ ಕೆಟ್ಟಿತೆಂದು ಕೇಳಲಿಲ್ಲ. ಅದನ್ನೂ ಅವಳು ಲೆಕ್ಕಕ್ಕೆ ತೆಗೆದುಕೊಂಡಳು.

ಎರಡನೆಯ ಬೋಗಿಯನ್ನು ಬೀರುವಿನಲ್ಲಿಡುವ ಮೊದಲು ಗಂಡನ ಉಪಾಯದಂತೆ ಒಂದು ಕೆಲಸ ಮಾಡಿದಳು. ತನ್ನದೇ ತಲೆಗೂದಲಿನ ಒಂದು ಎಳೆಯನ್ನು, ನೆಲ ಗೋಡೆಗೆ ಸೇರುವ ಕಡೆ ಅಡ್ಡಲಾಗಿ ಅಂಟಿಸಿದಳು. ನೆಲ ಬಿಚ್ಚಿದರೆ ಕೂದಲು ತುಂಡಾಗಲೇಬೇಕು. ಅಂಟಿಸುವಾಗ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಆದರೂ ಅಂಟಿಸಿದಳು.

ಕೂದಲು ತುಂಡಾಗಿತ್ತು.

ಭಾನುವಾರ ಎಲ್ಲರೂ ಸೇರಿದ್ದಾಗ, ಹಳಿಯ ಮೇಲಿನ ತರಗೆಲೆ ಗುಡಿಸುವ ಹೊತ್ತಿನಲ್ಲಿ ಅವಳು ಬೋಗಿ ಹಿಡಿದು ಎಣ್ಣೆಯಣ್ಣನ ಮೇಜಿನ ಮುಂದೆ ನಿಂತಳು. ದನಿ ನಡುಗಬಾರದೆಂದು ಮೆಲ್ಲಗೆ ಮಾತಾಡಿದ್ದರಿಂದ ಎಲ್ಲರೂ ಕಿವಿಗೊಟ್ಟು ಕೇಳುವಂತಾಯಿತು.

“ಅಣ್ಣಾ, ಬೀಗದ ಕೈ ಇರೋದು ನಿಮ್ಮೊಬ್ಬರ ಹತ್ರ. ಒಂದನ್ನ ಆಗಲೇ ಕೆಡಿಸಾಯ್ತು. ಇದನ್ನೂ ಬಿಚ್ಚಿದ್ದೀರಿ. ಯಾಕೆ ಅಂತ ಕೇಳಬಹುದಾ?”

ಅವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು ಬಟ್ಟೆಗೆ ಕೈ ಒರೆಸಿಕೊಂಡ. ಕಿವಿಯವರೆಗೂ ಮುಖ ಕೆಂಪಾಗಿತ್ತು.

“ನಾನು ನಿನ್ನ ಬೋಗಿ ಕೆಡಿಸಿಲ್ಲ, ತಂಗಿ,” ಎಂದ. ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಅರ್ಧ ಕಟ್ಟಿದ ಎಂಜಿನ್ನನ್ನು ಅಲ್ಲೇ ಬಿಟ್ಟು ನಡೆದ.

ಮನೆಯಲ್ಲಿ ಇದನ್ನು ಕೇಳಿದ ಗಂಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದ. “ಕೆಡಿಸಿಲ್ಲ ಅಂದ. ಬಿಚ್ಚಿಲ್ಲ ಅನ್ನಲಿಲ್ಲ. ಗಮನಿಸಿದ್ಯಾ?” ಅವಳು ಗಮನಿಸಿದ್ದಳು.

ಎಣ್ಣೆಯಣ್ಣ ಸಂಘಕ್ಕೆ ಬರುವುದನ್ನೇ ಬಿಟ್ಟ. ಅವಳು ಎರಡನೆಯ ಬೋಗಿಯನ್ನು ಮನೆಗೆ ತಂದು ಬಟ್ಟೆಯ ಬೀರುವಿನ ತಲೆಯ ಮೇಲಿಟ್ಟಳು. ಕೆಲವು ವಾರಗಳಲ್ಲಿ ಅದೂ ಉಬ್ಬಿತು. ಇಲ್ಲಿ ಮುಟ್ಟಿದವರು ಯಾರು? ಅವಳ ಮನಸ್ಸು ಅದಕ್ಕೂ ಉತ್ತರ ಹುಡುಕಿಕೊಂಡಿತು: ಬಿಚ್ಚಿದಾಗಲೇ ಒಳಗೆ ಏನೋ ಸುರಿದಿರಬೇಕು, ಅದು ನಿಧಾನವಾಗಿ ಕೆಲಸ ಮಾಡಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೂರನೆಯದನ್ನು ಊಟದ ಮೇಜಿನ ಮೇಲೆ ಕಟ್ಟುತ್ತಿದ್ದಾಗ, ಸಂಘದ ಕಾರ್ಯದರ್ಶಿ ಫೋನ್ ಮಾಡಿ ಕೆಲಸ ಎಲ್ಲಿಗೆ ಬಂತೆಂದು ಕೇಳಿದರೆ ಇವರಿಗೇಕೆ ಇಷ್ಟು ಆಸಕ್ತಿ ಎಂದುಕೊಂಡಳು. ಕೆಲಸದ ಜಾಗದಲ್ಲಿ ಪಕ್ಕದವಳು ಫೋಟೋ ಕೇಳಿದರೆ ತೋರಿಸಲಿಲ್ಲ. ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕಾಯಿತೆಂದು ಗಂಡ ಗೊಣಗಿದಾಗ, ಒಂದು ಗಳಿಗೆ ಅವನ ಕೈಯನ್ನೂ ನೋಡಿದಳು. ಗಂಡನಿಗೆ ಅದು ಗೊತ್ತಾಯಿತು. ಜೀವಮಾನವೆಲ್ಲ ಹಾಗೆ ನೋಡಿದವನಿಗೆ ಆ ನೋಟ ತಿಳಿಯದೆ ಇರುತ್ತದೆಯೇ? ಅವನು ತಟ್ಟೆ ತೊಳೆಯಲು ಎದ್ದ.

ಒಂದು ರಜೆಯ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಎಣ್ಣೆಯಣ್ಣ ನಿಂತಿದ್ದ. ತೋಳಿನಲ್ಲಿ ಹಳೆಯ ಹೊದಿಕೆ ಸುತ್ತಿದ ಉದ್ದನೆಯ ಏನನ್ನೋ ಹಿಡಿದಿದ್ದ. ಅವಳು ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಗಂಡ ಕುರ್ಚಿ ಎಳೆದುಕೊಟ್ಟ. ಅವನು ಕೂರದೆ ಮೇಜಿನ ತುದಿಯಲ್ಲಿ ಹೊದಿಕೆ ಬಿಚ್ಚಿದ.

ಒಳಗಿದ್ದದ್ದು ಅವಳದೇ ಬೋಗಿ. ಅಲ್ಲ, ಅವಳ ಬೋಗಿಯ ಜೋಡಿ. ಬಣ್ಣ ಬಳಿದಿರಲಿಲ್ಲ, ಕಿಟಕಿಯ ಮೂಲೆಗಳು ಒರಟಾಗಿದ್ದವು, ಬಾಗು ಮಾತ್ರ ಅದೇ. ಕಿಟಕಿಗಳ ಕೆಳಗೆ ಗೋಡೆ ಹೊಟ್ಟೆ ಬಿಟ್ಟಿತ್ತು. ಚಾವಣಿ ನಡುವೆ ಎದ್ದಿತ್ತು.

“ನಿಂದನ್ನ ಬಿಚ್ಚಿದ್ದು ನಾನೇ,” ಎಂದ ಅವನು ಬೋಗಿಯನ್ನೇ ನೋಡುತ್ತಾ. “ಆ ಬಾಗು ಹೇಗೆ ತಂದೆ ಅಂತ ನೋಡಬೇಕಿತ್ತು. ಎರಡು ಸಲ ಬಿಚ್ಚಿದೆ. ಮನೇಲಿ ಕೂತು ಅದೇ ಥರ ಕಟ್ಟಿದೆ. ಇದನ್ನ ನಾನು ಬಿಟ್ಟು ಬೇರೆ ಯಾರೂ ಮುಟ್ಟಿಲ್ಲ. ಆದ್ರೂ ನೋಡು.”

“ಕೇಳಿದ್ರೆ ಹೇಳ್ಕೊಡ್ತಿರಲಿಲ್ವಾ ಅಣ್ಣಾ?”

“ಅರ ಹಿಡಿಯೋದು ಕಲಿಸಿದವನು ನಾನು. ನಿನ್ನ ಹತ್ರ ಬಂದು ಕೇಳೋಕೆ ನಾಚಿಕೆ ಆಯ್ತು. ಕದ್ದು ನೋಡೋಕೆ ಮಾತ್ರ ನಾಚಿಕೆ ಆಗಲಿಲ್ಲ ನೋಡು.”

ಕೆಡಿಸಿದವನೆಂಬ ಹೆಸರು ಕಳೆದುಕೊಳ್ಳಲು ಕದ್ದವನೆಂಬ ಹೆಸರನ್ನು ತಾನೇ ಹೊತ್ತು ತಂದಿದ್ದ. ಅಷ್ಟಾದರೂ ಹಲ್ಲಕ್ಕನಿಗೆ ಮೊದಲು ಹೊಳೆದದ್ದು, ತನ್ನನ್ನು ನಂಬಿಸಲೆಂದೇ ಇವನು ಬೇಕಂತ ಬಿಸಿಲಿಗಿಟ್ಟು ಉಬ್ಬಿಸಿ ತಂದಿರಬಹುದೇ ಎಂದು. ಹಾಗೆ ಯೋಚಿಸಿದ್ದು ತಿಳಿದು ಅವಳಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು. ಬೇಗ ಚೂರಿ ಕೈಗೆ ತೆಗೆದುಕೊಂಡು, ಕೊಯ್ಯಲೇ ಎಂದು ಅವನನ್ನು ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ.

ಉಬ್ಬಿದ ಕಡೆ ಒಳಪದರವನ್ನು ಸೀಳಿದಳು. ಸೀಳಿದ ಕೂಡಲೇ ಘಾಟು ಮೂಗಿಗೆ ಹೊಡೆಯಿತು. ಅಂಟಿನ ಘಾಟು, ನಿನ್ನೆ ಮೊನ್ನೆ ಹಚ್ಚಿದಷ್ಟು ಹಸಿ. ಗಂಡ ಕೂಡ ಹಿಂದೆ ಸರಿದ. ಅವಳು ಎದ್ದು ತನ್ನ ಎರಡನೆಯ ಬೋಗಿಯನ್ನು ತಂದು ಅದನ್ನೂ ಸೀಳಿದಳು. ಅದೇ ಘಾಟು. ಎರಡು ಪದರಗಳ ನಡುವೆ ಅಷ್ಟು ಬಿಗಿಯಾಗಿ ಮುಚ್ಚಿದ್ದರಿಂದ ಅಂಟಿನ ಆವಿಗೆ ಹೊರಹೋಗಲು ದಾರಿಯಿರಲಿಲ್ಲ. ಅದು ಒಳಗೇ ಕೂತು ಪ್ಲಾಸ್ಟಿಕ್ಕನ್ನು ವಾರಗಟ್ಟಲೆ ಮೆತ್ತಗೆ ಮಾಡಿ ಉಬ್ಬಿಸಿತ್ತು. ಬೋಗಿಯನ್ನು ಕೆಡಿಸಿದ್ದು ಅವಳ ಕೈಯೇ.

ಅವಳು ಚೂರಿ ಕೆಳಗಿಟ್ಟಳು. ಕ್ಷಮಿಸಿ ಅನ್ನುವ ಮಾತು ಬಾಯಿಗೆ ಬರಲಿಲ್ಲ. ಒಳಪದರಕ್ಕೆ ಅಲ್ಲಲ್ಲಿ ತೂತು ಕೊರೆದರೆ ಸಾಕಾಗಬಹುದು ಎಂದಳು. ಸಾಕಾಗಬಹುದು ಎಂದು ಅವನೂ ಹೇಳಿದ. ಗಂಡ ಟೀ ಮಾಡಲು ಒಳಗೆ ಹೋದ. ಆ ಮನೆಯಲ್ಲಿ ಅವನು ಟೀ ಮಾಡಿದ್ದು ಯಾವ ಕಾಲದಲ್ಲೋ. ಸಕ್ಕರೆ ಹಾಕುವುದನ್ನು ಮರೆತಿದ್ದ. ಮೂವರೂ ಹಾಗೇ ಕುಡಿದರು.

ಮುಂದಿನ ಭಾನುವಾರ ಹಲ್ಲಕ್ಕ ಸಂಘದಲ್ಲಿ ಎಲ್ಲರ ಮುಂದೆ, ತಪ್ಪು ತನ್ನ ಕಟ್ಟೋಣದ್ದು, ಎಣ್ಣೆಯಣ್ಣನದಲ್ಲ ಎಂದಳು. ಅವನು ನಕಲು ಮಾಡಿದ ಸಂಗತಿ ಎತ್ತಲಿಲ್ಲ. ನಮಗೆ ಆಗಲೇ ಗೊತ್ತಿತ್ತು ಎಂದರು ಕೆಲವರು. ಆಗ ಯಾರೂ ಬಾಯಿ ಬಿಟ್ಟಿರಲಿಲ್ಲ. ಆದರೆ ಎಣ್ಣೆಯಣ್ಣ ಮರಳಿ ಬಂದವನು, ಯಾರೂ ಕೇಳದಿದ್ದರೂ, ಒಬ್ಬೊಬ್ಬರನ್ನೇ ಕರೆದು ತಾನು ಬೋಗಿ ಬಿಚ್ಚಿ ನೋಡಿದ್ದನ್ನು ಹೇಳಿದ. ಕೇಳಿದವರು ಎಲ್ಲಿ ನೋಡಬೇಕೆಂದು ತಿಳಿಯದೆ ಹಳಿ ಒರೆಸಿದರು.

ಬೋಗಿಗಳು ಮುಗಿದವು. ಈ ಸಲ ತೂತು ಕೊರೆದು, ಗಾಳಿಗಿಟ್ಟು, ಪೂರ್ತಿ ಒಣಗಿದ ಮೇಲೆ ಮುಚ್ಚಿದರು. ಸಾರ್ವಜನಿಕರನ್ನು ಕರೆದ ದಿನ ಅವಳ ರೈಲು ಅಂಗಳವನ್ನು ಸುತ್ತಿತು, ಎಣ್ಣೆಯಣ್ಣ ಕಟ್ಟಿದ ಒಂದು ಬೋಗಿಯನ್ನೂ ಸೇರಿಸಿಕೊಂಡು. ಸೇರಿದ ಜನ ಮಾತ್ರ ಉಗಿಬಂಡಿಯನ್ನೇ ಹೆಚ್ಚು ನೋಡಿದರು. ದಿನಾ ಹತ್ತುವ ರೈಲನ್ನು ಇಲ್ಲಿಗೂ ಬಂದು ನೋಡುವುದೇಕೆ ಎಂದು ಒಬ್ಬಾಕೆ ಅಂದದ್ದನ್ನು ಅವಳೇ ಆಮೇಲೆ ನಗುತ್ತ ಹೇಳಿಕೊಂಡಳು.

ಈಗ ಎಣ್ಣೆಯಣ್ಣ ಆಗಾಗ ಅವರ ಮನೆಗೆ ಬರುತ್ತಾನೆ. ಗಂಡನ ಜೊತೆ ಹರಟುತ್ತಾನೆ, ಅವಳ ಹೊಸ ಬಾಗಿಲುಗಳ ಕೆಲಸ ನೋಡುತ್ತಾನೆ. ಆದರೆ ಉಪಕರಣದ ಚೀಲವನ್ನು ಒಳಗೆ ತರುವುದಿಲ್ಲ. ಬಾಗಿಲ ಹೊರಗೆ ಬಾಯಿ ತೆರೆದು, ಒಳಗಿರುವುದೆಲ್ಲ ಕಾಣುವ ಹಾಗೆ ಇಟ್ಟು ಬರುತ್ತಾನೆ. ಒಳಗೆ ತನ್ನಿ ಅಣ್ಣಾ ಎಂದು ಅವಳು ಒಮ್ಮೆ ಹೇಳಿದಳು. ಅಲ್ಲೇ ಇರಲಿ ಬಿಡು ಎಂದ.